ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಾಗಿ ಶಿಕ್ಷಕರ ತರಬೇತಿ ರೂಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ್ಯಶಿಕ್ಷಕರು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು), ಬಿಐಇಆರ್‌ಟಿಗಳು (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು), ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು, ಹೀಗೆ ತರಬೇತಿ ಏರ್ಪಡಿಸುವ ಜವಾಬ್ದಾರಿ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕರ್ನಾಟಕದ ಶಾಲೆಗಳಲ್ಲಿ ಒಂದರಿಂದ ಏಳನೇ ತರಗತಿಯವರೆಗೆ ಕನ್ನಡ ಓದು ಬರಹ ಕಲಿಸುವ ಶಿಕ್ಷಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇವೆ. ಹೈಸ್ಕೂಲಿನವರಿಗೆ ಬೇಕಾದ ಮಾತು ಕೆಳಗೆ ಬೇರೆಯಾಗಿ ಇದೆ.

ಡಿಸ್ಲೆಕ್ಸಿಯಾ ಬಗ್ಗೆ ಶಿಕ್ಷಕರಿಗೆ ಎಷ್ಟು ಗೊತ್ತಿದ್ದರೆ ಸಾಕು?

ನರವಿಜ್ಞಾನದ ಪಾಠ ಬೇಡ. ನಾಲ್ಕು ವಿಷಯ ಗಟ್ಟಿಯಾಗಿ ಗೊತ್ತಿರಬೇಕು. ಒಂದು, ಇದು ಪದಗಳನ್ನು ಸರಿಯಾಗಿ, ಸಲೀಸಾಗಿ ಓದುವುದರಲ್ಲಿ ಮತ್ತು ಬರೆಯುವುದರಲ್ಲಿ ಬರುವ ತೊಡಕು. ಮಾತಿನ ಒಳಗಿರುವ ಸಣ್ಣ ಸಣ್ಣ ಧ್ವನಿಗಳನ್ನು ಬಿಡಿಸಿ ಹಿಡಿಯುವುದು ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕಷ್ಟ. ಎರಡು, ಇದು ಬುದ್ಧಿಶಕ್ತಿಯ ಕೊರತೆ ಅಲ್ಲ. ಎಲ್ಲ ಮಟ್ಟದ ಬುದ್ಧಿಶಕ್ತಿ ಇರುವವರಲ್ಲೂ ಇದು ಕಾಣುತ್ತದೆ. ಮೂರು, ಇದು ಕುಟುಂಬಗಳಲ್ಲಿ ಹರಿದು ಬರುತ್ತದೆ. ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ 'ಓದು ಹತ್ತಲಿಲ್ಲ' ಅಂತ ಶಾಲೆ ಬಿಟ್ಟಿದ್ದರೆ ಆ ಮಾತನ್ನು ಕಿವಿಗೊಟ್ಟು ಕೇಳಬೇಕು. ನಾಲ್ಕು, ಇದು ಅಪರೂಪದ್ದಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ), ಓದು, ಬರಹ, ಲೆಕ್ಕ ಮೂರನ್ನೂ ಸೇರಿಸಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ನಿರ್ದಿಷ್ಟ ಕಲಿಕಾ ತೊಂದರೆ (ಡಿಸ್ಲೆಕ್ಸಿಯಾ ಇದರಲ್ಲೇ ಸೇರುತ್ತದೆ) ಇರುತ್ತದೆ ಎನ್ನುತ್ತದೆ. 40 ಮಕ್ಕಳ ತರಗತಿಯಲ್ಲಿ ಇಬ್ಬರಾದರೂ ಇದ್ದಾರೆ ಅಂತ ಇಟ್ಟುಕೊಂಡೇ ಪಾಠ ಯೋಜಿಸುವುದು ಒಳ್ಳೆಯದು.

ಇಷ್ಟಕ್ಕೆ ಒಂದು ಗಂಟೆ ಸಾಕು. ತರಬೇತಿಯ ಉಳಿದ ಹೊತ್ತು ಓದು ಕಲಿಸುವ ಕೆಲಸಕ್ಕೇ ಹೋಗಬೇಕು.

ಕನ್ನಡ ಬರೆದ ಹಾಗೆ ಓದುವ ಭಾಷೆ. ಕನ್ನಡದಲ್ಲೂ ಡಿಸ್ಲೆಕ್ಸಿಯಾ ಇರುತ್ತದೆಯೇ?

ಇರುತ್ತದೆ. ಆದರೆ ತೋರುವ ರೀತಿ ಬೇರೆ. ಇಟಾಲಿಯನ್ ಕೂಡ ಹೆಚ್ಚುಕಡಿಮೆ ಬರೆದ ಹಾಗೆ ಓದುವ ಭಾಷೆ. 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪೌಲೇಸು ಮತ್ತು ಸಂಗಡಿಗರ ಅಧ್ಯಯನ ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವ ಓದುಗರನ್ನು ಹೋಲಿಸಿ ನೋಡಿತು. ಇಟಲಿಯವರು ಉಳಿದವರಿಗಿಂತ ಸರಿಯಾಗಿ ಓದಿದರು. ಆದರೆ ಓದುವಾಗ ಮಿದುಳಿನಲ್ಲಿ ಕಂಡ ವ್ಯತ್ಯಾಸ ಮೂರು ಭಾಷೆಯವರಲ್ಲೂ ಒಂದೇ ಆಗಿತ್ತು.

ಕನ್ನಡದಲ್ಲಿ ತೊಂದರೆ ಹೆಚ್ಚಾಗಿ ವೇಗದಲ್ಲಿ ಕಾಣುತ್ತದೆ. ನಾಲ್ಕನೇ ತರಗತಿಗೆ ಬಂದ ಮಗು 'ಮ... ನೆ... ಯ... ಲ್ಲಿ' ಅಂತ ಒಂದೊಂದೇ ಅಕ್ಷರ ಕೂಡಿಸುತ್ತಾ ಹೋಗುತ್ತದೆ. ಕೊನೆಗೆ ಬರುವಷ್ಟರಲ್ಲಿ ಮೊದಲು ಏನು ಓದಿದೆ ಅನ್ನುವುದು ಮರೆತಿರುತ್ತದೆ. ಓದಿದ್ದು ತಪ್ಪಲ್ಲ. ಅದಕ್ಕೇ ಶಿಕ್ಷಕರು 'ಓದ್ತಾನೆ, ಸ್ವಲ್ಪ ನಿಧಾನ' ಅಂತ ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಪುಸ್ತಕಗಳಿಂದ ಎತ್ತಿಕೊಂಡ ಲಕ್ಷಣಗಳ ಪಟ್ಟಿಯಲ್ಲಿ 'ಬಿ'ಯನ್ನು 'ಡಿ' ಮಾಡುವುದೇ ದೊಡ್ಡದಾಗಿ ಕಾಣುತ್ತದೆ. ಆ ಪಟ್ಟಿ ಹಿಡಿದುಕೊಂಡು ಕನ್ನಡದ ತರಗತಿಯಲ್ಲಿ ಹುಡುಕಿದರೆ ಸಿಗಬೇಕಾದ ಮಕ್ಕಳು ಸಿಗುವುದಿಲ್ಲ. ಕರ್ನಾಟಕದಲ್ಲಿ ನಡೆಯುವ ತರಬೇತಿಗೆ ಉದಾಹರಣೆಗಳು ಕನ್ನಡದ ನೋಟ್‌ಬುಕ್ಕಿನಿಂದಲೇ ಬರಬೇಕು. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಹಾಗಾದರೆ ತರಬೇತಿಯ ತಿರುಳು ಯಾವುದು?

ಕನ್ನಡ ಲಿಪಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ತಿಳುವಳಿಕೆ. ನಮ್ಮ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬರುವುದರಿಂದಲೇ ಕಲಿಯುವ ಮಗು ಎಲ್ಲಿ ಎಡವುತ್ತದೆ ಅನ್ನುವುದು ಕಾಣದೆ ಹೋಗಬಹುದು. ಅಮೆರಿಕದ ಲೂಯಿಸಾ ಮೋಟ್ಸ್ 1994ರಲ್ಲಿ ಅಲ್ಲಿನ ಶಿಕ್ಷಕರನ್ನು ಪರೀಕ್ಷಿಸಿದಾಗ ಇದನ್ನೇ ಕಂಡರು. ಸೊಗಸಾಗಿ ಓದಬಲ್ಲ ಶಿಕ್ಷಕರಲ್ಲೂ ಪದದೊಳಗಿನ ಧ್ವನಿಗಳನ್ನು ಬಿಡಿಸಿ ಹೇಳಬಲ್ಲವರು ಕಡಿಮೆ ಇದ್ದರು.

ಕನ್ನಡದ ವಿಷಯಕ್ಕೆ ಬರೋಣ. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಪ್ರತಿಯೊಬ್ಬ ತರಬೇತುದಾರರಿಗೂ ಗೊತ್ತಿರಬೇಕು. ಇಂಗ್ಲಿಷ್ ಕಲಿಯುವ ಮಕ್ಕಳಿಗೆ 26 ಅಕ್ಷರ ಬೇಗ ಮುಗಿಯುತ್ತದೆ. ಕನ್ನಡದ ಮಕ್ಕಳಿಗೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಅಕ್ಷರ ಕಲಿಯುವ ಕೆಲಸ ನಾಲ್ಕನೇ ತರಗತಿವರೆಗೂ ಮುಂದುವರಿಯುತ್ತದೆ. ಅಕ್ಷರದೊಳಗಿನ ಬಿಡಿ ಧ್ವನಿಯ ಅರಿವೂ ನಿಧಾನಕ್ಕೇ ಬೆಳೆಯುತ್ತದೆ. ಅಂದರೆ ಮೂರನೇ ತರಗತಿಯಲ್ಲಿ ಕೆಲವು ಒತ್ತಕ್ಷರ ಬಾರದ ಮಗುವಿಗೆಲ್ಲ ತೊಂದರೆ ಇದೆ ಅಂತಲ್ಲ. ಹಾಗೆಯೇ 'ಒಂದನೇ ಕ್ಲಾಸಲ್ಲೇ ಅಕ್ಷರ ಮುಗಿಸಿದ್ದೇವೆ' ಅಂತ ಕೈಬಿಡುವಂತೆಯೂ ಇಲ್ಲ.

ಅಭ್ಯಾಸದ ಅವಧಿಯಲ್ಲಿ ಶಿಕ್ಷಕರ ಕೈಯಲ್ಲೇ ಮಾಡಿಸಬೇಕಾದ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇವೆ.

'ಶಕ್ತಿ' ಪದವನ್ನು ಬೋರ್ಡಿನ ಮೇಲೆ ಬರೆಸಿ. ಗುಡಿಸು ಯಾವ ಅಕ್ಷರದ ತಲೆ ಮೇಲಿದೆ? 'ಕ'ದ ಮೇಲೆ. ಆದರೆ 'ಇ' ಧ್ವನಿ ಕೇಳುವುದು 'ತ್' ಆದ ಮೇಲೆ. ಕಣ್ಣಿಗೆ ಕಾಣುವ ಕ್ರಮವೇ ಬೇರೆ, ಬಾಯಿ ಆಡುವ ಕ್ರಮವೇ ಬೇರೆ. ಮಗು 'ಶಕಿ' ಅಂತ ಓದಿ ಒತ್ತು ಬಿಟ್ಟರೆ, ಅಥವಾ 'ಶಕಿತ' ಅಂದರೆ, ಅದು ಎಲ್ಲಿ ದಾರಿ ತಪ್ಪಿತು ಅನ್ನುವುದು ಈಗ ಶಿಕ್ಷಕರಿಗೆ ಕಾಣುತ್ತದೆ. 'ಸೂರ್ಯ'ದಲ್ಲಿ ಇನ್ನೊಂದು ತೊಡಕು. ಮೊದಲು ಉಚ್ಚರಿಸುವ 'ರ್' ಅರ್ಕಾವತ್ತಾಗಿ 'ಯ' ಆದ ಮೇಲೆ ಬರುತ್ತದೆ. ನಮಗೆ ಇದು ಅಭ್ಯಾಸವಾಗಿಬಿಟ್ಟಿದೆ. ಹೊಸದಾಗಿ ಕಲಿಯುವ ಮಗುವಿಗೆ ಇದನ್ನು ಯಾರಾದರೂ ಬಾಯಿ ಬಿಟ್ಟು ಹೇಳಲೇಬೇಕು.

ನಂತರ ಧ್ವನಿ ಆಟಗಳು. 'ಕಮಲ'ದಲ್ಲಿ 'ಮ' ತೆಗೆದರೆ ಏನು ಉಳಿಯುತ್ತದೆ? 'ಕಲ'. ಇದು ಅಕ್ಷರ ಮಟ್ಟದ ಆಟ, ಹೆಚ್ಚಿನ ಮಕ್ಕಳು ಬೇಗ ಹಿಡಿಯುತ್ತಾರೆ. 'ಕಿ', 'ಕು', 'ಕೆ' ಮೂರರಲ್ಲೂ ಇರುವ ಧ್ವನಿ ಯಾವುದು? ಇದು ಒಂದು ಮೆಟ್ಟಿಲು ಮೇಲೆ. ಕಾಗುಣಿತವನ್ನು ಪದ್ಯದ ಹಾಗೆ ಬಾಯಿಪಾಠ ಹೇಳುವ ಮಗುವಿಗೂ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿರಬಹುದು. 'ಕ ಕಾ ಕಿ ಕೀ' ರಾಗವಾಗಿ ಬರುತ್ತದೆ, ಆದರೆ ನಡುವಿನಿಂದ 'ಕೇ' ತೋರಿಸಿದರೆ ಮೊದಲಿನಿಂದ ಎಣಿಸುತ್ತಾ ಬರಬೇಕಾಗುತ್ತದೆ. ಇಂಥ ಮಗುವನ್ನು ಗುರುತಿಸುವುದು ಯಾವ ಪರೀಕ್ಷೆಯ ಹಾಳೆಗಿಂತಲೂ ದೊಡ್ಡ ಕೌಶಲ.

ಮೂರನೆಯದು ಉದ್ದ ಪದಗಳು. ಕನ್ನಡದಲ್ಲಿ ಪ್ರತ್ಯಯಗಳು ಅಂಟುತ್ತಾ ಹೋಗಿ ಪದ ಬೆಳೆಯುತ್ತದೆ. 'ಹೋಗಬೇಕಾಗಿತ್ತು', 'ಮಕ್ಕಳಿಗೋಸ್ಕರ', 'ಮನೆಯಲ್ಲಿದ್ದವರಿಗೆ'. ಅಕ್ಷರ ಅಕ್ಷರ ಓದುವ ಮಗುವಿಗೆ ಇವು ಬೆಟ್ಟ. ಆದರೆ '-ಯಲ್ಲಿ', '-ಗಳನ್ನು', '-ಬೇಕು', '-ಇದ್ದರೆ' ಇಂಥ ತುಂಡುಗಳನ್ನು ಒಂದೇ ನೋಟಕ್ಕೆ ಗುರುತಿಸುವಂತೆ ಅಭ್ಯಾಸ ಮಾಡಿಸಿದರೆ ಬೆಟ್ಟ ಮೂರು ಮೆಟ್ಟಿಲಾಗುತ್ತದೆ. ವ್ಯಾಕರಣದ ಹೆಸರು ಹೇಳುವ ಅಗತ್ಯವಿಲ್ಲ. ಪಾಠದಲ್ಲಿ ಬರುವ ಉದ್ದ ಪದಕ್ಕೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಹಾಕಿ ಒಡೆದು ತೋರಿಸಿದರೆ ಸಾಕು.

ನಮ್ಮ ಹಳ್ಳಿ ಮಕ್ಕಳು 'ಹಾಲು' ಬದಲು 'ಆಲು' ಬರೆಯುತ್ತಾರೆ. ಇದೂ ಡಿಸ್ಲೆಕ್ಸಿಯಾನಾ?

ಅಲ್ಲ. ಈ ಪ್ರಶ್ನೆಗೆ ತರಬೇತಿಯಲ್ಲಿ ಅರ್ಧ ದಿನ ಕೊಟ್ಟರೂ ಜಾಸ್ತಿ ಆಗುವುದಿಲ್ಲ.

ಮನೆಯಲ್ಲಿ 'ಆಲು' ಅನ್ನುವ ಮಗು 'ಆಲು' ಅಂತಲೇ ಬರೆಯುತ್ತದೆ. ಹಾಗೆ ಬರೆದರೆ ಅದು ಧ್ವನಿಯನ್ನು ಸರಿಯಾಗಿಯೇ ಅಕ್ಷರಕ್ಕೆ ಇಳಿಸಿದೆ ಅಂತ ಅರ್ಥ. 'ಭಾರತ'ವನ್ನು 'ಬಾರತ' ಅಂತ, 'ಶಾಲೆ'ಯನ್ನು 'ಸಾಲೆ' ಅಂತ ಬರೆಯುವುದೂ ಹೀಗೆಯೇ. ಮಹಾಪ್ರಾಣ ನಮ್ಮ ಬಹುಪಾಲು ಜನರ ಆಡುಮಾತಿನಲ್ಲಿ ಇಲ್ಲ. ಇವನ್ನೆಲ್ಲ ತೊಂದರೆ ಅಂತ ಲೆಕ್ಕ ಹಾಕಿದರೆ ಇಡೀ ತರಗತಿ ಪಟ್ಟಿಯಲ್ಲಿ ಇರುತ್ತದೆ. ಆಗ ನಿಜವಾಗಿ ಸಹಾಯ ಬೇಕಾದ ಮಗು ಕಳೆದುಹೋಗುತ್ತದೆ. ಬೇರೆ ಬಗೆಯ ತಪ್ಪುಗಳನ್ನು ನೋಡಿ: ಒತ್ತು ಪೂರ್ತಿ ಬಿಟ್ಟುಹೋಗುವುದು, 'ಮಾರ' ಮತ್ತು 'ಮರ' ನಡುವೆ ದೀರ್ಘ ಹೋಗಿ ಬಂದು ಮಾಡುವುದು, ನಡುವಿನ ಅಕ್ಷರ ಮಾಯವಾಗುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುವುದು.

ಮನೆಮಾತು ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಆಗಿರುವ ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅವರಿಗೆ ಕನ್ನಡವೇ ಹೊಸದು. ಮೊದಲು ಕೇಳಿ ಅರ್ಥವಾಗುತ್ತದೆಯೇ ಅಂತ ನೋಡಬೇಕು. ಕಥೆ ಹೇಳಿದಾಗ ಪೂರ್ತಿ ಅರ್ಥವಾಗಿ, ಅದೇ ಕಥೆ ಓದುವಾಗ ಮಾತ್ರ ನಿಂತುಹೋದರೆ ಆಗ ಓದಿನ ಕಡೆ ಗಮನ ಕೊಡಿ. ಕೇಳಿದರೂ ಅರ್ಥವಾಗದಿದ್ದರೆ ಮೊದಲು ಬೇಕಿರುವುದು ಮಾತು.

ಎರಡು ದಿನದ ಕಾರ್ಯಾಗಾರ ಸಾಕಾಗಲ್ವಾ?

ಇಲ್ಲ. ಎರಡು ದಿನದಲ್ಲಿ ಅರಿವು ಮೂಡುತ್ತದೆ, ಕೌಶಲ ಬರುವುದಿಲ್ಲ. ಹಾಲ್‌ನಲ್ಲಿ ಕೇಳಿದ್ದು ತರಗತಿಯಲ್ಲಿ ಒಂದು ಮಗುವಿನ ಮುಂದೆ ಕೂತಾಗ ಕೈಗೆ ಬರಬೇಕಾದರೆ ಮಾಡಬೇಕು, ಯಾರಾದರೂ ನೋಡಬೇಕು, ತಿದ್ದಬೇಕು, ಮತ್ತೆ ಮಾಡಬೇಕು. ಈಜು ಕಲಿತವರು ದಡದಲ್ಲಿ ಕೂತು ಕಲಿತಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಕಲಿಕಾ ತೊಂದರೆಗಳನ್ನು ಬೇಗ ಗುರುತಿಸಲು ಶಿಕ್ಷಕರಿಗೆ ನೆರವಾಗಬೇಕು ಅಂತಲೂ ಹೇಳುತ್ತದೆ. ಆ 50ರಲ್ಲಿ 20 ಗಂಟೆಯನ್ನು ಇದಕ್ಕೆ ಎತ್ತಿಟ್ಟರೆ ಒಂದು ವರ್ಷದ ಒಳ್ಳೆಯ ತರಬೇತಿ ಕಟ್ಟಬಹುದು. ನಾವು ಸೂಚಿಸುವ ಹಂಚಿಕೆ ಹೀಗಿದೆ.

ಶಾಲೆ ಶುರುವಾಗುವ ಹೊತ್ತಿಗೆ ಒಂದೂವರೆ ದಿನ. ಮೇಲೆ ಹೇಳಿದ ಲಿಪಿಯ ಕೆಲಸ, ಆಡುಮಾತಿನ ವ್ಯತ್ಯಾಸ, ಮಗು ಓದುವುದನ್ನು ಕೇಳಿ ಗುರುತು ಹಾಕಿಕೊಳ್ಳುವ ವಿಧಾನ. ಅಲ್ಲಿಂದ ನೇರವಾಗಿ ಸೇತುಬಂಧಕ್ಕೆ, ಅಂದರೆ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಸರಿಪಡಿಸುವ ಕಾರ್ಯಕ್ರಮಕ್ಕೆ. ಹೇಗಿದ್ದರೂ ಜೂನ್ ತಿಂಗಳಲ್ಲಿ ಎಲ್ಲ ಮಕ್ಕಳ ಮಟ್ಟ ನೋಡುತ್ತೀರಿ. ಅದೇ ಹೊತ್ತಿನಲ್ಲಿ ಪ್ರತಿ ಶಿಕ್ಷಕರೂ ಒಂದು ಮಗುವನ್ನು ಆರಿಸಿಕೊಳ್ಳಲಿ. ಒಂದೇ ಮಗು. ಆ ಮಗುವಿನ ಹೆಸರಿನಲ್ಲಿ ಒಂದು ಕಡತ ಶುರುವಾಗಲಿ: ಓದಿದ್ದರ ಒಂದು ನಿಮಿಷದ ಧ್ವನಿಮುದ್ರಣ, ಹೇಳಿ ಬರೆಸಿದ ಒಂದು ಪುಟ ಉಕ್ತಲೇಖನ, ತಪ್ಪುಗಳ ಪಟ್ಟಿ.

ನಂತರ ಪ್ರತಿ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ. ಭಾಷಣ ಬೇಡ. ಮೂವರು ಶಿಕ್ಷಕರು ತಮ್ಮ ಕಡತ ತೆರೆದು ತೋರಿಸಲಿ. 'ಕಳೆದ ತಿಂಗಳು ಸಜಾತಿ ಒತ್ತಕ್ಷರ ಮಾತ್ರ ಹಿಡಿದುಕೊಂಡೆ, ಅಕ್ಕ, ಅಪ್ಪ, ಬೆಲ್ಲ ಇಂಥವು. ಈಗ ಸಲೀಸಾಗಿ ಓದ್ತಾಳೆ. ವಿಜಾತಿಗೆ ಬಂದಾಗ ಮತ್ತೆ ನಿಲ್ತಾಳೆ' ಅಂತ ಒಬ್ಬರು ಹೇಳಿದರೆ ಉಳಿದವರು ಮುಂದಿನ ಹೆಜ್ಜೆ ಹೇಳಲಿ. ಇಂಥ ಮಾತುಕತೆ ನಡೆಯುವ ಕ್ಲಸ್ಟರಿನಲ್ಲಿ ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುತ್ತಾರೆ.

ಸಿಆರ್‌ಪಿ ಅಥವಾ ಬಿಐಇಆರ್‌ಟಿ ವರ್ಷಕ್ಕೆ ಮೂರು ಸಲವಾದರೂ ಆ ತರಗತಿಗೆ ಹೋಗಿ ಕೂರಬೇಕು. ಪಾಠ ತಪಾಸಣೆಗೆ ಅಲ್ಲ. ಆ ಒಂದು ಮಗುವಿನ ಜೊತೆ ಶಿಕ್ಷಕರು ಹತ್ತು ನಿಮಿಷ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿ, ಆಮೇಲೆ ಕೂತು ಮಾತಾಡುವುದಕ್ಕೆ. ಬಂದವರ ಕೈಯಲ್ಲಿ ತಪಾಸಣಾ ನಮೂನೆ ಇದ್ದರೆ ಶಿಕ್ಷಕರು ಆ ದಿನ ಚೆನ್ನಾಗಿ ಓದುವ ಮಗುವನ್ನೇ ಮುಂದೆ ಕೂರಿಸುತ್ತಾರೆ. ಅದು ಅವರ ತಪ್ಪಲ್ಲ, ವ್ಯವಸ್ಥೆಯ ಭಯ. ಈ ಭೇಟಿಗೂ ಸೇವಾ ದಾಖಲೆಗೂ ಸಂಬಂಧ ಇಲ್ಲ ಅಂತ ಮೊದಲ ದಿನವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮಟ್ಟದಿಂದ ಹೇಳಿಸಿ.

ಒಂದು ಎಚ್ಚರಿಕೆ. ಧ್ವನಿಮುದ್ರಣವನ್ನಾಗಲಿ, ನೋಟ್‌ಬುಕ್ಕಿನ ಫೋಟೋವನ್ನಾಗಲಿ ಮಗುವಿನ ಹೆಸರು ಹಾಕಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಪೋಷಕರನ್ನು ಕೇಳಿಯೇ ಮುದ್ರಿಸಿಕೊಳ್ಳಿ.

ನಲಿಕಲಿ ತರಗತಿಗೆ ಬೇರೆ ತರಬೇತಿ ಬೇಕೇ?

ಬೇರೆ ಬೇಡ, ಅದರ ಮೇಲೆಯೇ ಕಟ್ಟಬಹುದು. ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ವರ್ಣಮಾಲೆಯ ಕ್ರಮ ಬಿಟ್ಟು 'ರ, ಗ, ಸ, ದ, ಅ' ಅಂತ ಶುರು ಮಾಡುತ್ತಾರೆ. ಕಲಿತ ನಾಲ್ಕಾರು ಅಕ್ಷರದಿಂದಲೇ 'ಸರ', 'ಗರಗಸ' ಅಂತ ಪದ ಕಟ್ಟುತ್ತಾರೆ. ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ. ಓದು ಕಷ್ಟವಾಗುವ ಮಗುವಿಗೆ ಇದೆಲ್ಲ ಒಳ್ಳೆಯದೇ. ತೊಂದರೆ ಬರುವುದು ಒಂದೇ ಕಡೆ. ಒಂದೇ ಮೆಟ್ಟಿಲಲ್ಲಿ ಎರಡು ತಿಂಗಳು ನಿಂತ ಮಗುವನ್ನು 'ಅದರ ವೇಗದಲ್ಲಿ ಕಲಿಯಲಿ' ಅಂತ ಬಿಟ್ಟುಬಿಡುವ ಅಪಾಯ ಇದೆ. ಎಷ್ಟು ವಾರ ನಿಂತರೆ ಶಿಕ್ಷಕರೇ ಪಕ್ಕ ಕೂತು ಕಲಿಸಬೇಕು ಅನ್ನುವುದನ್ನು ತರಬೇತಿಯಲ್ಲಿ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಕನ್ನಡಿ ಅಕ್ಷರ ಓದಿಸಿ 'ಡಿಸ್ಲೆಕ್ಸಿಯಾ ಅನುಭವ' ಕೊಡುವ ಚಟುವಟಿಕೆ ಇಟ್ಟುಕೊಳ್ಳಬಹುದೇ?

ಬೇಡ. ಅಕ್ಷರ ತಲೆಕೆಳಗಾಗಿ ಕಾಣುವುದು, ಕುಣಿಯುವುದೇ ಡಿಸ್ಲೆಕ್ಸಿಯಾ ಅನ್ನುವ ತಪ್ಪು ಕಲ್ಪನೆ ಅದರಿಂದ ಇನ್ನೂ ಗಟ್ಟಿಯಾಗುತ್ತದೆ. ಮೂಲ ತೊಂದರೆ ಕಣ್ಣಿನದ್ದಲ್ಲ.

ಇದರ ಬದಲು ಒಂದು ಸುಲಭದ ಕೆಲಸ ಮಾಡಿ. ಎರಡನೇ ತರಗತಿಯ ಒಂದು ಕನ್ನಡ ಕಥೆಯನ್ನು ತೆಲುಗು ಲಿಪಿಯಲ್ಲಿ ಬರೆದು ಕೊಡಿ. ಭಾಷೆ ಕನ್ನಡವೇ, ಲಿಪಿ ಮಾತ್ರ ತೆಲುಗು. ಅಕ್ಷರಗಳ ಒಂದು ಪಟ್ಟಿ ಕೊಟ್ಟು, ಹತ್ತು ನಿಮಿಷ ಅಭ್ಯಾಸಕ್ಕೆ ಬಿಟ್ಟು, ಆಮೇಲೆ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಲು ಹೇಳಿ. ಪ್ರಶ್ನೆಯನ್ನೂ ಕೇಳಿ. ಅರ್ಧ ಅಕ್ಷರ ಪರಿಚಿತ ಅನ್ನಿಸುತ್ತದೆ, ಅರ್ಧ ಕೈಕೊಡುತ್ತದೆ. ಎಲ್ಲ ಶಕ್ತಿ ಅಕ್ಷರ ಬಿಡಿಸುವುದಕ್ಕೇ ಹೋಗಿ ಕಥೆ ಏನಾಯಿತು ಅನ್ನುವುದು ನೆನಪಿರುವುದಿಲ್ಲ. ಬಾಯಲ್ಲಿ ಹೇಳಿದರೆ ಆ ಕಥೆ ಮಗುವಿಗೂ ಗೊತ್ತಾಗುವಂಥದ್ದು. ಓದಿನ ತೊಡಕು ಮಗುವಿನ ಮೇಲೆ ಎಷ್ಟು ಹೊರೆ ಹಾಕುತ್ತದೆ ಅನ್ನುವುದಕ್ಕೆ ಇದು ಹೆಚ್ಚು ಹತ್ತಿರದ ಅನುಭವ. ಕೋಲಾರ, ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರಿನ ಕಡೆ ತೆಲುಗು ಓದಬಲ್ಲ ಶಿಕ್ಷಕರು ಬೇಕಾದಷ್ಟು ಇದ್ದಾರೆ. ಅಲ್ಲಿ ಮಲಯಾಳ ಲಿಪಿ ಬಳಸಿ.

ಡಿಸ್ಲೆಕ್ಸಿಯಾ ಇದೆ ಅಂತ ಶಿಕ್ಷಕರೇ ಹೇಳಬಹುದೇ?

ಹೇಳಬಾರದು. ಗಮನಿಸಬಹುದು, ಪ್ರಾಥಮಿಕವಾಗಿ ಪರೀಕ್ಷಿಸಬಹುದು, ಕಳುಹಿಸಬಹುದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಎಂಬ ಸಾಧನ ಕನ್ನಡದಲ್ಲೂ ಇದೆ. ಅದರಲ್ಲಿ 1–2ನೇ ತರಗತಿಗೆ ಒಂದು, 3–5ನೇ ತರಗತಿಗೆ ಒಂದು ಅಂತ ಶಿಕ್ಷಕರೇ ಬಳಸಬಹುದಾದ ಪ್ರಾಥಮಿಕ ಪರಿಶೀಲನಾ ಪಟ್ಟಿಗಳಿವೆ. ಅದನ್ನು ಬಳಸುವ ಅಭ್ಯಾಸವನ್ನು ತರಬೇತಿಯಲ್ಲಿ ಸೇರಿಸಿ.

ಅದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಿರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಹೆಸರನ್ನು ಮೊದಲು ಕೊಡಿ. ಪೂರ್ಣ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಏನು ವ್ಯವಸ್ಥೆ ಇದೆ ಅಂತ ತರಬೇತಿಗೆ ಮುಂಚೆಯೇ ವಿಚಾರಿಸಿ ಶಿಕ್ಷಕರಿಗೆ ಹೇಳಿ. ಬೀದರಿನಲ್ಲೋ ಯಾದಗಿರಿಯಲ್ಲೋ ಇರುವ ಶಿಕ್ಷಕರಿಗೆ ಬೆಂಗಳೂರಿನ ವಿಳಾಸ ಮಾತ್ರ ಕೊಟ್ಟು ಕಳುಹಿಸಿದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

2018ರ ಕೇಂದ್ರ ಮಾರ್ಗಸೂಚಿಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯ ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮೇಲೆ ಎಂದಿತ್ತು. 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಇತ್ತು. 'ಪ್ರಮಾಣಪತ್ರ ಬರಲಿ, ಆಮೇಲೆ ನೋಡೋಣ' ಅಂತ ಕಾಯುವುದು ಮಾತ್ರ ಸರಿಯಲ್ಲ. 6 ವರ್ಷದ ಮಗುವಿಗೆ ಧ್ವನಿ ಆಟ ಆಡಿಸುವುದಕ್ಕೆ, ಪಕ್ಕ ಕೂತು ಓದಿಸುವುದಕ್ಕೆ ಯಾವ ಪತ್ರವೂ ಬೇಕಿಲ್ಲ. ಡಿಎಸ್‌ಎಂ-5 ಕೂಡ ಗುರಿಯಿಟ್ಟು ಸಹಾಯ ಮಾಡಿದ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿರಬೇಕು ಎನ್ನುತ್ತದೆ. ಶಿಕ್ಷಕರ ಕಡತವೇ ಆ ಆರು ತಿಂಗಳ ದಾಖಲೆ. ಅದು ಕೈಯಲ್ಲಿದ್ದರೆ ತಜ್ಞರ ಕೆಲಸ ಅರ್ಧ ಹಗುರಾಗುತ್ತದೆ.

ಬಣ್ಣದ ಕನ್ನಡಕ, ವಿಶೇಷ ಫಾಂಟ್, ಮಿದುಳಿನ ವ್ಯಾಯಾಮ ಇವನ್ನು ತರಬೇತಿಯಲ್ಲಿ ಸೇರಿಸಬಹುದೇ?

ಸೇರಿಸಬೇಡಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿ ಹೇಳಿಕೆಯಲ್ಲಿ ಬಣ್ಣದ ಗಾಜು, ಕಣ್ಣಿನ ವ್ಯಾಯಾಮಗಳಿಗೆ ವೈಜ್ಞಾನಿಕ ಆಧಾರ ಇಲ್ಲ ಅಂದಿವೆ. 'ಈ ಮಗು ನೋಡಿ ಕಲಿಯುತ್ತದೆ, ಆ ಮಗು ಕೇಳಿ ಕಲಿಯುತ್ತದೆ' ಅನ್ನುವ ವಿಂಗಡಣೆಗೂ ಗಟ್ಟಿ ಪುರಾವೆ ಇಲ್ಲ. ಮರಳಿನಲ್ಲಿ ಬರೆಯುವುದು, ಗಾಳಿಯಲ್ಲಿ ಬರೆಯುವುದು ಮಕ್ಕಳಿಗೆ ಇಷ್ಟವಾದರೆ ಮಾಡಿಸಿ. ಆದರೆ ಕೆಲಸ ಮಾಡುವುದು ಕ್ರಮಬದ್ಧವಾಗಿ, ಬಿಡಿಸಿ ಹೇಳಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸುವ ಓದಿನ ಪಾಠ. ಮರಳು ಅದರ ಜಾಗಕ್ಕೆ ಬರಬಾರದು.

40 ಮಕ್ಕಳು, ಎರಡು ತರಗತಿ ಒಟ್ಟಿಗೆ, ಮೇಲೆ ಬಿಸಿಯೂಟದ ಲೆಕ್ಕ. ಸಮಯ ಎಲ್ಲಿದೆ?

ನ್ಯಾಯವಾದ ಪ್ರಶ್ನೆ. ಇದನ್ನು ಪಕ್ಕಕ್ಕೆ ಸರಿಸುವ ತರಬೇತಿಯನ್ನು ಶಿಕ್ಷಕರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಎರಡು ದಾರಿ ಇವೆ. ಮೊದಲನೆಯದು ಇಡೀ ತರಗತಿಗೆ ಮಾಡುವ ಬದಲಾವಣೆ. ಧ್ವನಿ ಆಟ ಐದು ನಿಮಿಷ ಎಲ್ಲರಿಗೂ ಒಳ್ಳೆಯದು. ಉದ್ದ ಪದ ಒಡೆದು ತೋರಿಸುವುದು ಎಲ್ಲರಿಗೂ ಬೇಕು. ಬೋರ್ಡಿನಿಂದ ನಕಲು ಮಾಡಿಸುವ ಕೆಲಸ ಕಡಿಮೆ ಮಾಡಿದರೆ ಸಮಯ ಉಳಿಯುತ್ತದೆ. ಎರಡನೆಯದು ವಾರಕ್ಕೆ ನಾಲ್ಕು ದಿನ, ಹತ್ತು ಹತ್ತು ನಿಮಿಷ, ಮೂರು ಮಕ್ಕಳ ಜೊತೆ ಕೂರುವುದು. ಉಳಿದವರು ಆಗ ಜೋಡಿಯಲ್ಲಿ ಓದಲಿ. ಈ ಹತ್ತು ನಿಮಿಷವನ್ನು ವೇಳಾಪಟ್ಟಿಯಲ್ಲಿ ಬರೆದು ಹಾಕುವುದು ಮುಖ್ಯಶಿಕ್ಷಕರ ಕೆಲಸ. ಅದಕ್ಕೇ ಮುಖ್ಯಶಿಕ್ಷಕರಿಗೆ ಬೇರೆಯಾಗಿ ಅರ್ಧ ದಿನದ ತರಬೇತಿ ಇಡಿ. ಅವರ ಒಪ್ಪಿಗೆ ಇಲ್ಲದೆ ವೇಳಾಪಟ್ಟಿ ಬದಲಾಗುವುದಿಲ್ಲ.

ಇನ್ನೊಂದು ಮಾತು ಖರ್ಚಿಲ್ಲದ್ದು. ಓದು ಕಷ್ಟವಾಗುವ ಮಗುವನ್ನು ದಿಢೀರನೆ ಎಬ್ಬಿಸಿ ಎಲ್ಲರ ಮುಂದೆ ಓದಿಸಬೇಡಿ. ಓದಿಸಲೇಬೇಕಿದ್ದರೆ ಹಿಂದಿನ ದಿನ ಆ ಪ್ಯಾರಾ ಹೇಳಿ ಕಳುಹಿಸಿ, ಅಭ್ಯಾಸ ಮಾಡಿಕೊಂಡು ಬರಲಿ. ಮೂರು ನಿಮಿಷದ ಅವಮಾನ ಮಗುವನ್ನು ಪುಸ್ತಕದಿಂದ ವರ್ಷಗಟ್ಟಲೆ ದೂರ ಇಡಬಲ್ಲದು.

ಕನ್ನಡ ಓದುತ್ತದೆ, ಇಂಗ್ಲಿಷ್ ಬರುವುದಿಲ್ಲ. ಏನು ಅಂದುಕೊಳ್ಳಬೇಕು?

ಎರಡೂ ಸಾಧ್ಯತೆ ಇವೆ. ಕನ್ನಡವನ್ನು ವಯಸ್ಸಿಗೆ ತಕ್ಕ ವೇಗದಲ್ಲಿ ಓದಿದರೆ, ಹೆಚ್ಚಾಗಿ ಇಂಗ್ಲಿಷ್ ಕಲಿಸಿದ್ದು ಸಾಲದು ಅಂತ ಅರ್ಥ. ಕನ್ನಡವನ್ನು ಸರಿಯಾಗಿ ಆದರೆ ಬಹಳ ನಿಧಾನವಾಗಿ ಓದುತ್ತಿದ್ದರೆ ಗಮನಿಸಿ. ಕನ್ನಡದಲ್ಲಿ ಹೇಗೋ ಮುಚ್ಚಿಹೋಗಿದ್ದ ತೊಂದರೆ ಬರೆದ ಹಾಗೆ ಓದದ ಇಂಗ್ಲಿಷಿಗೆ ಬಂದಾಗ ಎದ್ದು ಕಾಣುತ್ತಿರಬಹುದು. ಇಂಗ್ಲಿಷ್ ಮಾಧ್ಯಮದ ಮಗುವನ್ನೂ ಕನ್ನಡದಲ್ಲಿ ಓದಿಸಿ ನೋಡಿ. ಒಂದೇ ಭಾಷೆಯಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಹೈಸ್ಕೂಲ್ ಶಿಕ್ಷಕರಿಗೆ ಏನು ಹೇಳಬೇಕು?

ಅವರು ಓದು ಕಲಿಸುವವರಲ್ಲ, ಹಾಗಾಗಿ ತರಬೇತಿಯೂ ಬೇರೆ. ಕಾನೂನಿನಿಂದ ಶುರು ಮಾಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ವಿಧದ ಅಂಗವೈಕಲ್ಯ. ಕಲಿಕಾ ತೊಂದರೆ ಅದರಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21ನ್ನು ಪಟ್ಟಿ ಮಾಡಿತು, ಅದರಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿತು. ಅದರ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಇದು ಮಗುವಿನ ಹಕ್ಕು. ಎಸ್‌ಎಸ್‌ಎಲ್‌ಸಿಗೆ ಇವು ಸಿಗಬೇಕಾದರೆ ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಎಂಟನೇ ತರಗತಿಗೆ ಸೇರಿದಾಗಲೇ ದಾಖಲೆ ನೋಡಿಟ್ಟುಕೊಳ್ಳಿ.

ದಿನದ ಪಾಠದಲ್ಲಿ ಸಮಾಜ, ವಿಜ್ಞಾನದ ಉತ್ತರಕ್ಕೆ ಕಾಗುಣಿತ ತಪ್ಪಿಗೆ ಅಂಕ ಕಡಿಯಬೇಡಿ. ಬಾಯಲ್ಲಿ ಉತ್ತರ ಹೇಳಲು ಬಿಡಿ. ಪಾಠದ ಟಿಪ್ಪಣಿಯನ್ನು ಮುದ್ರಿಸಿ ಕೊಡಿ.

ಪೋಷಕರ ಜೊತೆ ಮಾತಾಡುವುದನ್ನೂ ತರಬೇತಿಯಲ್ಲಿ ಸೇರಿಸಬೇಕೇ?

ಖಂಡಿತ. ಇಬ್ಬಿಬ್ಬರು ಶಿಕ್ಷಕರು ಎದುರುಬದುರು ಕೂತು ಅಭ್ಯಾಸ ಮಾಡಲಿ, ಒಬ್ಬರು ತಾಯಿ, ಒಬ್ಬರು ಟೀಚರ್. 'ನಿಮ್ಮ ಮಗನಿಗೆ ಏನೋ ಸಮಸ್ಯೆ ಇದೆ' ಅಂತ ಶುರು ಮಾಡಿದರೆ ಮುಂದಿನ ಮಾತು ತಾಯಿಯ ಕಿವಿಗೆ ಬೀಳುವುದಿಲ್ಲ. ಹೀಗೆ ಹೇಳಿ ನೋಡಿ: 'ಅಮ್ಮಾ, ಇವನು ಪಾಠ ಕೇಳಿದರೆ ಚೆನ್ನಾಗಿ ಅರ್ಥ ಮಾಡ್ಕೊಳ್ತಾನೆ. ಮೊನ್ನೆ ಕೆರೆ ಪಾಠದಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳಿದ. ಓದೋವಾಗ ಮಾತ್ರ ಒತ್ತಕ್ಷರ ಬಂದ್ರೆ ನಿಂತುಬಿಡ್ತಾನೆ. ಸೋಮಾರಿತನ ಅಲ್ಲ ಇದು. ನಾನು ದಿನಾ ಹತ್ತು ನಿಮಿಷ ಓದಿಸ್ತಿದ್ದೀನಿ. ಮನೇಲಿ ಹೊಡಿಬೇಡಿ, ಬೈಬೇಡಿ.' ಕಡತ ತೆರೆದು ಜೂನ್‌ನ ಪುಟ, ಈಗಿನ ಪುಟ ಎರಡನ್ನೂ ತೋರಿಸಿ. ಓದು ಬರಹ ಬಾರದ ತಂದೆತಾಯಿಗೂ ಮಗು ಓದುವ ಧ್ವನಿಮುದ್ರಣ ಕೇಳಿಸಬಹುದು.

ತರಬೇತಿ ಕೊಡಬೇಕಾದವರು ಯಾರು? ಬರಬೇಕಾದವರು ಯಾರು?

ಕೊಡುವವರು ಇಬ್ಬರಿರಲಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ವಿಶೇಷ ಶಿಕ್ಷಕರೋ ವಾಕ್ ತಜ್ಞರೋ ಒಬ್ಬರು. ಒಂದನೇ ತರಗತಿಗೆ ವರ್ಷಗಟ್ಟಲೆ ಅಕ್ಷರ ಕಲಿಸಿದ ಅನುಭವಿ ಶಿಕ್ಷಕಿ ಇನ್ನೊಬ್ಬರು. ಮೊದಲನೆಯವರಿಗೆ ತೊಂದರೆ ಗೊತ್ತು, ಎರಡನೆಯವರಿಗೆ ತರಗತಿ ಗೊತ್ತು. ಬರಬೇಕಾದವರಲ್ಲಿ ಅತಿಥಿ ಶಿಕ್ಷಕರನ್ನು ಬಿಡಬೇಡಿ. ಎಷ್ಟೋ ಶಾಲೆಗಳಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಮಾಡುವವರು ಅವರೇ. ತರಬೇತಿಯ ದಿನಕ್ಕೂ ಅವರಿಗೆ ಗೌರವಧನ ಸಿಗುವಂತೆ ನೋಡಿಕೊಳ್ಳಿ.

ತರಬೇತಿ ಫಲ ಕೊಟ್ಟಿದೆ ಅಂತ ಗೊತ್ತಾಗುವುದು ಹೇಗೆ?

ಕೊನೆಯ ದಿನದ 'ಕಾರ್ಯಾಗಾರ ತುಂಬಾ ಚೆನ್ನಾಗಿತ್ತು' ಅನ್ನುವ ಹಾಳೆಯಿಂದ ಗೊತ್ತಾಗುವುದಿಲ್ಲ. ಎರಡು ಕಡೆ ನೋಡಿ. ಶಿಕ್ಷಕರಿಗೆ ಗುರುತಿಲ್ಲದ ಒಂದು ಮಗುವಿನ ಉಕ್ತಲೇಖನದ ಪುಟ ಕೊಟ್ಟು, 'ಇದರಲ್ಲಿ ಆಡುಮಾತಿನ ತಪ್ಪು ಯಾವುದು, ಒತ್ತಿನ ತಪ್ಪು ಯಾವುದು, ನಾಳೆ ಏನು ಕಲಿಸುತ್ತೀರಿ?' ಅಂತ ಕೇಳಿ. ಜೂನ್‌ನಲ್ಲಿ ಒಂದು ಸಲ, ಫೆಬ್ರವರಿಯಲ್ಲಿ ಒಂದು ಸಲ. ಮಗುವಿನ ಕಡೆಯಿಂದ ಒಂದು ನಿಮಿಷಕ್ಕೆ ಸರಿಯಾಗಿ ಓದಿದ ಪದಗಳ ಎಣಿಕೆ: ಜೂನ್, ದಸರಾ ರಜೆಯ ನಂತರ, ಫೆಬ್ರವರಿ. ಬೇರೆ ಮಕ್ಕಳ ಜೊತೆ ಹೋಲಿಸಬೇಡಿ. ಅದೇ ಮಗುವಿನ ಹಿಂದಿನ ಎಣಿಕೆಯ ಜೊತೆ ಹೋಲಿಸಿ.

ಶಿಕ್ಷಕರಿಗೇ ಡಿಸ್ಲೆಕ್ಸಿಯಾ ಇದ್ದರೆ?

ಇರಬಹುದು. ಓದಿನ ತೊಡಕು ದೊಡ್ಡವರಾದ ಮೇಲೆ ಮಾಯವಾಗುವುದಿಲ್ಲ. ಅದನ್ನು ದಾಟಿ ಡಿ.ಎಡ್., ಬಿ.ಎಡ್. ಮುಗಿಸಿ ಬಂದವರೂ ಇರುತ್ತಾರೆ. ಅವರು ಬಾಯಿ ಬಿಟ್ಟು ಹೇಳಿರುವುದಿಲ್ಲ. ಹಾಗಾಗಿ ತರಬೇತಿಯಲ್ಲಿ ಯಾರನ್ನೂ ಹೆಸರು ಕರೆದು ಗಟ್ಟಿಯಾಗಿ ಓದಿಸಬೇಡಿ. ತೆಲುಗು ಲಿಪಿಯ ಚಟುವಟಿಕೆಯಲ್ಲೂ ಒಲ್ಲೆ ಅಂದವರನ್ನು ಬಿಟ್ಟುಬಿಡಿ. ಓದಬೇಕಾದ ಸಾಮಗ್ರಿಯನ್ನು ಹಿಂದಿನ ವಾರವೇ ಕಳುಹಿಸಿ, ಜೊತೆಗೆ ಅದರ ಧ್ವನಿರೂಪವನ್ನೂ ಕೊಡಿ. ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿಸುವ ಬದಲು ಫೋಟೋ ತೆಗೆದುಕೊಳ್ಳಲು ಹೇಳಿ. ಯಾರಾದರೂ ತಾವಾಗಿ ಬಂದು ತಮ್ಮ ಬಗ್ಗೆ ಹೇಳಿಕೊಂಡರೆ ಅವರನ್ನೇ ಕೇಳಿ: ನಿಮಗೆ ಓದು ಹತ್ತಿಸಿದ್ದು ಯಾವುದು? ಅವರಿಗೆ ಒಪ್ಪಿಗೆ ಇದ್ದರೆ ಮುಂದಿನ ವರ್ಷದ ತರಬೇತುದಾರರ ತಂಡದಲ್ಲಿ ಅವರಿಗೂ ಒಂದು ಜಾಗ ಕೊಡಿ.